ಇಇಒಸಿ ದೂರು ಸೇವೆ: ಬಾಗಿಲು ಅವರದು, ಬುತ್ತಿ ನಿಮ್ಮದು

ಅಮೆರಿಕದಲ್ಲಿ ಜನಾಂಗ, ಬಣ್ಣ, ಧರ್ಮ, ಲಿಂಗ ಅಥವಾ ಮೂಲದೇಶದ ಕಾರಣಕ್ಕೆ ಕೆಲಸ ಹೋಯಿತು ಎನ್ನುವವರು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೇ ಅಧ್ಯಾಯದಡಿ ನೇರವಾಗಿ ಕೋರ್ಟಿಗೆ ಹೋಗುವಂತಿಲ್ಲ. ಮೊದಲು ಸಮಾನ ಉದ್ಯೋಗಾವಕಾಶ ಆಯೋಗದ, ಅಂದರೆ ಇಇಒಸಿಯ, ಬಾಗಿಲು ತಟ್ಟಬೇಕು. ಆ ಸೇವೆಯನ್ನು ಇಲ್ಲಿ ಅಳೆದಿರುವುದು ಒಂದೇ ಕೋಲಿನಿಂದ: ನಾಳೆ ಕೋರ್ಟಿನಲ್ಲಿ ತಾರತಮ್ಯ ಸಾಬೀತು ಮಾಡಲು ಇದರಿಂದ ಏನು ಕೈಗೆ ಸಿಗುತ್ತದೆ?

ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸಂಸ್ಥೆಯಲ್ಲಿ ಕನಿಷ್ಠ 15 ನೌಕರರಿರಬೇಕು. ವಯಸ್ಸಿನ ತಾರತಮ್ಯವಾದರೆ 20. ಪೋರ್ಟಲ್‌ನಲ್ಲಿ ಮೊದಲು ‘ಎನ್‌ಕ್ವೈರಿ’, ಅಂದರೆ ಆರಂಭಿಕ ಮಾಹಿತಿ ಅರ್ಜಿ, ಹಾಕಿ, ಸಂದರ್ಶನ ಮುಗಿಸಿ, ಆಮೇಲೆ ‘ಚಾರ್ಜ್’ಗೆ, ಅಂದರೆ ಔಪಚಾರಿಕ ದೂರಿಗೆ, ಸಹಿ ಮಾಡಬೇಕು. ಜನ ಎಡವುವುದು ಇಲ್ಲೇ. ಎನ್‌ಕ್ವೈರಿ ಹಾಕಿದೊಡನೆ ದೂರು ಕೊಟ್ಟಂತಾಯಿತು ಎಂದುಕೊಳ್ಳುತ್ತಾರೆ, ಆಗುವುದಿಲ್ಲ. ಗಡುವು 180 ದಿನ, ಇಂಥದ್ದೇ ಕಾನೂನನ್ನು ಜಾರಿ ಮಾಡುವ ರಾಜ್ಯ ಅಥವಾ ಸ್ಥಳೀಯ ಸಂಸ್ಥೆ ಇದ್ದಲ್ಲಿ 300. ದಿನ ಎಣಿಸುವುದು ಕೆಲಸದ ಕೊನೆಯ ದಿನದಿಂದಲ್ಲ, ‘ನಿಮ್ಮನ್ನು ತೆಗೆಯುತ್ತಿದ್ದೇವೆ’ ಎಂದು ತಿಳಿಸಿದ ದಿನದಿಂದ. 1980ರ ರಿಕ್ಸ್ ತೀರ್ಪು ಹೇಳಿದ್ದು ಇದನ್ನೇ. ಎಚ್‌ಆರ್‌ಗೆ ಮನವಿ ಕೊಟ್ಟು ಉತ್ತರಕ್ಕೆ ಕಾದು ಕೂತರೂ ಗಡಿಯಾರ ನಿಲ್ಲುವುದಿಲ್ಲ. ಗಡುವಿಗೆ 60 ದಿನ ಅಥವಾ ಕಡಿಮೆ ಉಳಿದಿದ್ದರೆ ಪೋರ್ಟಲ್ ಬೇರೆ ಸೂಚನೆ ಕೊಡುತ್ತದೆ. ಅದನ್ನು ಓದದೆ ಮುಂದಕ್ಕೆ ಒತ್ತಬೇಡಿ.

ಚಾರ್ಜ್‌ನಲ್ಲಿ ಬರೆಯದೆ ಬಿಟ್ಟದ್ದನ್ನು ಮೊಕದ್ದಮೆಗೆ ಆಮೇಲೆ ಸೇರಿಸುವುದು ಕಷ್ಟ. ಮೂಲದೇಶ ಎಂದಷ್ಟೇ ಬರೆದು, ದೂರು ಕೊಟ್ಟದ್ದಕ್ಕೆ ಸೇಡು ತೀರಿಸಿಕೊಂಡರು ಎಂಬುದನ್ನು ಬಿಟ್ಟರೆ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು.

ಇನ್ನು ಈ ಸೇವೆಯ ನಿಜವಾದ ಬೆಲೆ ಇರುವ ಎರಡು ಭಾಗಗಳಿಗೆ ಬರೋಣ. ಸಿಬ್ಬಂದಿ ದಾಖಲೆಗಳನ್ನು ಖಾಸಗಿ ಸಂಸ್ಥೆ ಸಾಮಾನ್ಯವಾಗಿ 1 ವರ್ಷ ಇಟ್ಟುಕೊಂಡರೆ ಸಾಕು. ಚಾರ್ಜ್ ದಾಖಲಾದ ಮೇಲೆ ಸಂಬಂಧಪಟ್ಟ ಕಡತಗಳನ್ನು ಪ್ರಕರಣ ಪೂರ್ತಿ ಮುಗಿಯುವವರೆಗೆ ಕಾಪಾಡಲೇಬೇಕು. ಎರಡನೆಯದು ಮಾಲೀಕರ ಲಿಖಿತ ಉತ್ತರ, ಅಂದರೆ ‘ಪೊಸಿಷನ್ ಸ್ಟೇಟ್‌ಮೆಂಟ್’. ಅದು ತಾನಾಗಿ ಬರುವುದಿಲ್ಲ, ಆಯೋಗವನ್ನು ಕೇಳಿ ಪಡೆಯಬೇಕು. ಪ್ರತ್ಯುತ್ತರಕ್ಕೆ 20 ದಿನ.

ಆ ಕಾಗದ ಯಾಕೆ ಮುಖ್ಯ? ಮನಸ್ಸಿನೊಳಗಿನ ದ್ವೇಷಕ್ಕೆ ರಸೀದಿ ಇರುವುದಿಲ್ಲ. ಹಾಗಾಗಿ 1973ರ ಮ್ಯಾಕ್‌ಡಾನೆಲ್ ಡಗ್ಲಾಸ್ ತೀರ್ಪು ಮೂರು ಮೆಟ್ಟಿಲು ಕಟ್ಟಿತು. ಮೊದಲು ನೌಕರ ಮೇಲ್ನೋಟಕ್ಕೆ ಪ್ರಕರಣ ಇದೆ ಎಂದು ತೋರಿಸಬೇಕು. ಬಳಿಕ ಮಾಲೀಕರು ತಾರತಮ್ಯವಲ್ಲದ ಒಂದು ಕಾರಣ ಕೊಡಬೇಕು. ಕೊನೆಗೆ ಆ ಕಾರಣ ಬರೀ ನೆಪ ಎಂದು ನೌಕರ ತೋರಿಸಬೇಕು. ಇಇಒಸಿಗೆ ‘ಕೆಲಸ ಸರಿಯಿಲ್ಲ’ ಎಂದು ಬರೆದ ಸಂಸ್ಥೆ ಆಮೇಲೆ ಪ್ರಮಾಣ ಮಾಡಿ ‘ಹುದ್ದೆಯನ್ನೇ ರದ್ದು ಮಾಡಿದೆವು’ ಎಂದರೆ ಬದಲಾದ ಆ ಮಾತೇ ನೆಪಕ್ಕೆ ಸಾಕ್ಷ್ಯ. ಆದರೆ ನೆಪ ಬಯಲಾದ ಮಾತ್ರಕ್ಕೆ ಗೆದ್ದಂತಲ್ಲ ಎಂದು 1993ರ ಹಿಕ್ಸ್ ತೀರ್ಪು ಹೇಳಿತು. ಸುಳ್ಳು ಕಾರಣದಿಂದ ಜ್ಯೂರಿ ತಾರತಮ್ಯವನ್ನು ಊಹಿಸಬಹುದು ಎಂದು 2000ದ ರೀವ್ಸ್ ತೀರ್ಪು ಸ್ಪಷ್ಟಪಡಿಸಿತು.

ಸಾಕ್ಷ್ಯ ಹುಡುಕಿಕೊಡುವ ವಿಷಯದಲ್ಲಿ ಮಾತ್ರ ಈ ಸೇವೆಯನ್ನು ನೆಚ್ಚಿ ಕೂರಬಾರದು. ತನಿಖೆ ಸರಾಸರಿ 10 ತಿಂಗಳ ಆಸುಪಾಸು ನಡೆಯುತ್ತದೆ. ಯಾರಿಗೆ ಯಾವ ತಪ್ಪಿಗೆ ಯಾವ ಶಿಕ್ಷೆ ಆಯಿತು ಎಂದು ನಿಮ್ಮಷ್ಟು ಬಲ್ಲವರು ತನಿಖಾಧಿಕಾರಿಯಲ್ಲ. ನಿಮಗಿಂತ ಕಡಿಮೆ ಶಿಕ್ಷೆ ಆಯಿತೆಂದು ಹೋಲಿಕೆಗೆ ಕೊಡುವ ಸಹೋದ್ಯೋಗಿ ಅದೇ ಮೇಲಧಿಕಾರಿಯ ಕೈಕೆಳಗೆ, ಅದೇ ನಿಯಮದಡಿ, ಹೆಚ್ಚುಕಡಿಮೆ ಅಂಥದ್ದೇ ತಪ್ಪು ಮಾಡಿದವರಾಗಿರಬೇಕು. ಬೇರೆ ಇಲಾಖೆಯವರ ಹೆಸರು ಕೊಟ್ಟು ಸೋತವರು ಬಹಳ.

ಫೆಡರಲ್ ಸಾಕ್ಷ್ಯ ನಿಯಮಗಳೂ ಈಗಲೇ ತಲೆಯಲ್ಲಿರಲಿ. ಮ್ಯಾನೇಜರ್ ತನ್ನ ಕೆಲಸದ ವ್ಯಾಪ್ತಿಯೊಳಗೆ, ಕೆಲಸದಲ್ಲಿದ್ದಾಗಲೇ ಆಡಿದ ಮಾತನ್ನು ಸಂಸ್ಥೆಯ ವಿರುದ್ಧ ತರಬಹುದು. ನಿಯಮ 801 ಅದನ್ನು ‘ಹಿಯರ್‌ಸೇ’, ಅಂದರೆ ಕೋರ್ಟಿನ ಹೊರಗೆ ಆಡಿದ್ದರಿಂದ ಸಾಮಾನ್ಯವಾಗಿ ಸಾಕ್ಷ್ಯವಾಗಿ ಒಪ್ಪದ ಮಾತು, ಎನ್ನುವುದಿಲ್ಲ. ನಿಮ್ಮನ್ನು ತೆಗೆಯುವ ತೀರ್ಮಾನಕ್ಕೆ ಸಂಬಂಧವೇ ಇಲ್ಲದವರು ಕ್ಯಾಂಟೀನಿನಲ್ಲಿ ಆಡಿದ ಮಾತಿಗೆ ಆ ತೂಕ ಇಲ್ಲ. ನಿಮ್ಮದೇ ಡೈರಿಯನ್ನು ನೀವೇ ಸಾಕ್ಷ್ಯವಾಗಿ ಒಪ್ಪಿಸಲು ಹೊರಟರೆ ಅದು ಹಿಯರ್‌ಸೇ. ಅದರಿಂದ ನೆನಪು ತಾಜಾ ಮಾಡಿಕೊಳ್ಳಬಹುದು. ನೆನಪೇ ಇಲ್ಲದಿದ್ದರೆ, ಘಟನೆ ಮಾಸುವ ಮೊದಲೇ ಬರೆದದ್ದಾಗಿದ್ದರೆ, ಜ್ಯೂರಿಗೆ ಓದಿ ಹೇಳಬಹುದು. ಅದಕ್ಕೇ ದಿನಾಂಕ ಹಾಕಿ ಅಂದಂದೇ ಬರೆಯಿರಿ. ‘ನನಗೂ ಹೀಗೇ ಮಾಡಿದರು’ ಎನ್ನುವ ಬೇರೆ ನೌಕರರ ಸಾಕ್ಷ್ಯಕ್ಕೆ ಸಾರಾಸಗಟು ಒಪ್ಪಿಗೆಯೂ ಇಲ್ಲ, ನಿಷೇಧವೂ ಇಲ್ಲ ಎಂದು 2008ರ ಮೆಂಡೆಲ್‌ಸನ್ ತೀರ್ಪು ಹೇಳುತ್ತದೆ. ಉಚಿತ ಮಧ್ಯಸ್ಥಿಕೆ ಚೆನ್ನಾಗಿದೆ, ಆದರೆ ಅಲ್ಲಿ ಸಂಸ್ಥೆ ಎಷ್ಟು ಹಣ ಕೊಡಲು ಮುಂದಾಯಿತು ಎಂಬುದನ್ನು ತಪ್ಪೊಪ್ಪಿಗೆಯೆಂದು ಕೋರ್ಟಿಗೆ ತರುವಂತಿಲ್ಲ.

ಕಂಪನಿಯ ಗೌಪ್ಯ ಕಡತಗಳನ್ನು ಜಿಮೇಲ್‌ಗೆ ಕಳಿಸಿಕೊಳ್ಳುವ ಬುದ್ಧಿವಂತಿಕೆ ಬೇಡ. ತೆಗೆದುಹಾಕುವಷ್ಟು ದೊಡ್ಡ ತಪ್ಪು ಅದಾಗಿದ್ದರೆ, 1995ರ ಮೆಕೆನನ್ ತೀರ್ಪಿನಂತೆ ಬಾಕಿ ಸಂಬಳದ ಲೆಕ್ಕ ಸಾಮಾನ್ಯವಾಗಿ ಅದು ಪತ್ತೆಯಾದ ದಿನಕ್ಕೇ ನಿಲ್ಲುತ್ತದೆ.

ಕೊನೆಗೆ ಕೈಗೆ ಬರುವುದು ಬಹುಪಾಲು ಮೊಕದ್ದಮೆ ಹೂಡುವ ಹಕ್ಕಿನ ನೋಟಿಸ್. ಆಯೋಗ ಏನನ್ನೂ ಕಂಡುಕೊಳ್ಳಲಿಲ್ಲ ಎಂದರೆ ಪ್ರಕರಣ ಸತ್ತಿತೆಂದಲ್ಲ. ಕೋರ್ಟು ಹೊಸದಾಗಿ ನೋಡುತ್ತದೆ. ಮೊಕದ್ದಮೆ ಹೂಡಲು ಸಿಗುವುದು 90 ದಿನ, ಅಷ್ಟರೊಳಗೆ ಆಯೋಗದ ಕಡತದ ಪ್ರತಿಯನ್ನೂ ಕೇಳಿಟ್ಟುಕೊಳ್ಳಿ.

ನಮ್ಮ ಅಂಕ ಐದಕ್ಕೆ ಮೂರು. ದಾಖಲೆ ಉಳಿಸುವುದಕ್ಕೆ, ಎದುರಾಳಿಯ ಕಾರಣವನ್ನು ಬರಹದಲ್ಲಿ ಹಿಡಿಯುವುದಕ್ಕೆ ಪೂರ್ತಿ ಅಂಕ. ತನಿಖೆಯ ವೇಗಕ್ಕೆ ಕಡಿತ. ಜನಾಂಗದ ತಾರತಮ್ಯವಾದರೆ ಫೆಡರಲ್ ಕಾನೂನಿನ 1981ನೇ ಸೆಕ್ಷನ್ ಎಂಬ ಪಕ್ಕದ ದಾರಿಯಿದೆ: ಇಇಒಸಿ ಬೇಕಿಲ್ಲ, ಕೆಲಸದಿಂದ ತೆಗೆದವರಿಗೆ 4 ವರ್ಷದ ಗಡುವು, ಏಳನೇ ಅಧ್ಯಾಯದಲ್ಲಿ ಮಾನಸಿಕ ನೋವಿನ ಮತ್ತು ದಂಡರೂಪದ ಪರಿಹಾರಕ್ಕಿರುವ ಗರಿಷ್ಠ 3,00,000 ಡಾಲರ್‌ವರೆಗಿನ ಮಿತಿ ಇಲ್ಲಿಲ್ಲ. ವಂಶ, ಜನಾಂಗೀಯ ಗುರುತು ಇದರೊಳಗೆ ಬರುತ್ತವೆ, ಬರೀ ಮೂಲದೇಶ ಬರುವುದಿಲ್ಲ. ‘ಜನಾಂಗವೊಂದು ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ತೋರಿಸಬೇಕಾಗುವುದರಿಂದ ಪುರಾವೆಯ ಹೊರೆ ಇಲ್ಲಿ ಇನ್ನೂ ಭಾರ.