ದೊಡ್ಡ ಯೂನಿವರ್ಸಿಟಿಯೋ, ಚಿಕ್ಕ ಸರ್ಕಾರಿ ಯೂನಿವರ್ಸಿಟಿಯೋ? ಎರಡರಲ್ಲೂ ಗಣಿತ ಓದಿದ ಮೇಲೆ

ಮತ್ತೊಮ್ಮೆ ಆರಿಸು ಅಂದರೆ ನಾನು ಚಿಕ್ಕದನ್ನೇ ಆರಿಸುತ್ತೇನೆ. ಮೊದಲು ಸೇರಿದ್ದು ದೊಡ್ಡದಕ್ಕೆ. ಆಮೇಲೆ ಚಿಕ್ಕ ಸರ್ಕಾರಿ ಯೂನಿವರ್ಸಿಟಿಗೆ ಬಂದು ಅಲ್ಲೇ ಡಿಗ್ರಿ ಮುಗಿಸಿದೆ. ಕಟ್ಟಡ, ರ‍್ಯಾಂಕಿಂಗ್ ಎಲ್ಲ ಬಿಡಿ, ಅವು ಪ್ರಾಸ್ಪೆಕ್ಟಸ್‌ನಲ್ಲೇ ಸಿಗುತ್ತವೆ.

ದೊಡ್ಡ ಕಡೆ ಪಾಠ ಮಾಡುವವರು ಒಬ್ಬರು, ಹೋಂವರ್ಕ್ ತಿದ್ದುವವರು ಇನ್ನೊಬ್ಬರು. ಹಾಳೆ ಮೇಲೆ ಮಾರ್ಕ್ಸ್ ಇರುತ್ತಿತ್ತು, ಯಾಕೆ ಕಟ್ ಆಯಿತು ಅನ್ನೋದು ಇರುತ್ತಿರಲಿಲ್ಲ. ಚಿಕ್ಕ ಕಡೆ ಪಾಠ ಮಾಡಿದವರೇ ತಿದ್ದುತ್ತಿದ್ದರು. ಯೂನಿಫಾರ್ಮ್ ಕನ್ವರ್ಜೆನ್ಸ್ (ಫಂಕ್ಷನ್‌ಗಳ ಸಾಲೊಂದು ಎಲ್ಲ ಕಡೆ ಒಟ್ಟಿಗೇ ತನ್ನ ಮಿತಿಯ ಹತ್ತಿರ ಬರುವುದು) ಲೆಕ್ಕವೊಂದರಲ್ಲಿ ನಮ್ಮ ಮೇಡಂ ಒಂದು ಸಾಲಿಗೆ ಪೆನ್ಸಿಲ್‌ನಿಂದ ಸುತ್ತು ಹಾಕಿ, ‘ಈ ಎನ್ ಎಕ್ಸ್ ಜೊತೆ ಬದಲಾಗುತ್ತಾ? ಬಂದು ಹೇಳು’ ಅಂತ ಬರೆದಿದ್ದರು. ಹೋದೆ. ಎನ್ ಅಂದರೆ ಸಾಲಿನಲ್ಲಿ ಎಷ್ಟನೆಯದರಿಂದ ಮುಂದೆ ಎಲ್ಲವೂ ಮಿತಿಗೆ ಬೇಕಾದಷ್ಟು ಹತ್ತಿರ ಇರುತ್ತವೆ ಅನ್ನೋ ಸಂಖ್ಯೆ. ಎಲ್ಲ ಎಕ್ಸ್‌ಗೂ ಒಂದೇ ಎನ್ ಸಾಕಾದರೆ ಯೂನಿಫಾರ್ಮ್, ಒಂದೊಂದು ಎಕ್ಸ್‌ಗೂ ಬೇರೆ ಎನ್ ಬೇಕಾದರೆ ಬರೀ ಪಾಯಿಂಟ್‌ವೈಸ್. ಎಕ್ಸ್‌ನ ಘಾತಗಳ ಗ್ರಾಫ್‌ಗಳನ್ನು ಬೋರ್ಡ್ ಮೇಲೆ ಬಿಡಿಸಿ, ಎಕ್ಸ್ ಒಂದರ ಹತ್ತಿರ ಬಂದಷ್ಟೂ ಎನ್ ಹೇಗೆ ಬೆಳೆಯುತ್ತೆ ಅಂತ ತೋರಿಸಿದರು. ಅವತ್ತು ಅರ್ಥವಾಗಿದ್ದು ಇವತ್ತಿಗೂ ಮರೆತಿಲ್ಲ.

ಚಿಕ್ಕದರ ತಲೆನೋವು ಒಂದೇ: ಕೋರ್ಸ್‌ಗಳ ಸರದಿ. ಕ್ಯಾಲ್ಕುಲಸ್‌ನ ಬುನಾದಿ ಕಲಿಸುವ ರಿಯಲ್ ಅನಾಲಿಸಿಸ್ ವರ್ಷಕ್ಕೊಮ್ಮೆ. ಅದು ಮುಗಿದ ಮೇಲಷ್ಟೇ ಮೆಷರ್ ಥಿಯರಿ (ಉದ್ದ, ವಿಸ್ತೀರ್ಣಗಳಂಥ ಅಳತೆಗಳ ಸಿದ್ಧಾಂತ), ಅದೂ ವರ್ಷ ಬಿಟ್ಟು ವರ್ಷ. ಪಾಠ ಮಾಡಬಲ್ಲವರು ಒಬ್ಬರೇ. ಅವರು ರಜೆ ಹಾಕಿದರೆ ಕ್ಯಾನ್ಸಲ್. ಸೇರುವವರು ಕಮ್ಮಿಯಾದರೂ ಕ್ಯಾನ್ಸಲ್. ಕೈಪಿಡಿಯಲ್ಲಿ ಮಾತ್ರ ಎಲ್ಲ ಕೋರ್ಸ್‌ಗಳೂ ಇರುತ್ತವೆ.

ನಮ್ಮ ಬ್ಯಾಚ್‌ನಲ್ಲಿ ಮೆಷರ್ ಥಿಯರಿಗೆ ಹೆಸರು ಕೊಟ್ಟವರು ಬೆರಳೆಣಿಕೆಯಷ್ಟು ಜನ. ಕ್ಲಾಸ್ ಶುರುವಾಗುವ ಹೊತ್ತಿಗೆ ಪಟ್ಟಿಯಿಂದಲೇ ತೆಗೆದುಹಾಕಿದರು. ಕೇಳಿಕೊಂಡ ಮೇಲೆ ಒಬ್ಬ ಪ್ರೊಫೆಸರ್ ಅದೇ ಸಿಲಬಸ್ ಅನ್ನು ‘ಇಂಡಿಪೆಂಡೆಂಟ್ ಸ್ಟಡಿ’ಯಾಗಿ ಓದಿಸಿದರು. ಕ್ರೆಡಿಟ್ ಸಿಕ್ಕಿತು. ಆದರೆ ಮಾರ್ಕ್ಸ್ ಕಾರ್ಡ್‌ನಲ್ಲಿ ಮೆಷರ್ ಥಿಯರಿ ಅನ್ನೋ ಹೆಸರೇ ಇಲ್ಲ. ಮಾಸ್ಟರ್ಸ್‌ಗೆ ಅರ್ಜಿ ಹಾಕಿದ ಕಡೆಯಲ್ಲೆಲ್ಲ ಸಿಲಬಸ್ ಲಗತ್ತಿಸಿ, ಪತ್ರ ಬರೆದು ವಿವರಿಸಬೇಕಾಯಿತು. ಹಾಗಾಗಿ ಸೇರುವ ಮೊದಲು ಕೈಪಿಡಿಯನ್ನಷ್ಟೇ ನಂಬಬೇಡಿ. ಹಿಂದಿನ ಎರಡು ಮೂರು ವರ್ಷಗಳ ಟೈಮ್‌ಟೇಬಲ್ ಕೇಳಿ ಪಡೆಯಿರಿ. ಯಾವ ಕೋರ್ಸ್ ನಿಜಕ್ಕೂ ನಡೆದಿದೆ ಅನ್ನೋದು ಅದರಲ್ಲಿ ಗೊತ್ತಾಗುತ್ತೆ.

ಲೈಬ್ರರಿಯಲ್ಲಿ ದೊಡ್ಡದೇ ಮುಂದೆ. ಗಣಿತಕ್ಕೆ ಅದು ಅಷ್ಟೇನೂ ಕಾಡಲಿಲ್ಲ. 1991ರಿಂದ ನಡೆಯುತ್ತಿರುವ ಆರ್ಕೈವ್ (arXiv) ತಾಣದಲ್ಲಿ ಸಂಶೋಧನಾ ಪೇಪರ್‌ಗಳು ಉಚಿತವಾಗಿ ಸಿಗುತ್ತವೆ. ಪುಸ್ತಕಗಳನ್ನು ಇಂಟರ್‌ಲೈಬ್ರರಿ ಲೋನ್‌ನಲ್ಲಿ, ಅಂದರೆ ಬೇರೆ ಲೈಬ್ರರಿಗಳಿಂದ ಎರವಲಾಗಿ, ತರಿಸಿಕೊಂಡೆ, ಸ್ವಲ್ಪ ಕಾಯಬೇಕು ಅಷ್ಟೇ.

ಕ್ಲಬ್, ಹಬ್ಬ, ಗದ್ದಲ ಬೇಕಾದರೆ ದೊಡ್ಡದಕ್ಕೆ ಹೋಗಿ.

ನಾನು ಕೇಳಿ ಕೇಳಿ ಕಲಿಯುವವಳು, ಕೈಯಲ್ಲಿ ದುಡ್ಡೂ ಕಮ್ಮಿ. ಚಿಕ್ಕ ಕಡೆ ಫೀಸ್ ಕಡಿಮೆಯಾದ್ದರಿಂದ ಸಂಜೆ ಕೆಲಸ ಕಮ್ಮಿ ಮಾಡಿಕೊಂಡು ಓದಲು ಟೈಮ್ ಸಿಕ್ಕಿತು. ಶಿಫಾರಸು ಪತ್ರ ಬರೆದವರಿಗೂ ನನ್ನ ಕೆಲಸ ಸಾಲು ಸಾಲಾಗಿ ಗೊತ್ತಿತ್ತು. ದುಬಾರಿ ಲ್ಯಾಬ್ ಬೇಕಾದ ವಿಷಯ ನಿಮ್ಮದಾಗಿದ್ದರೆ ಮಾತ್ರ ಚಿಕ್ಕ ಕಡೆಯ ಲ್ಯಾಬ್ ಒಳಗೆ ಹೋಗಿ, ಯಾವ ಯಂತ್ರ ಕೆಲಸ ಮಾಡುತ್ತಿದೆ ಅಂತ ನೋಡಿಯೇ ತೀರ್ಮಾನಿಸಿ.