ಕಿಯಾಂಟಿ ಕ್ಲಾಸಿಕೊ, ಬೋಲ್ಗೆರಿ, ರಿಪಾಸ್ಸೊ: ಮೂರು ಇಟಾಲಿಯನ್ ಕೆಂಪು ವೈನ್‌ಗಳ ಹೋಲಿಕೆ

ಮೂರನ್ನೂ ಒಂದೇ ಸಂಜೆ ಸಾಲಾಗಿಟ್ಟು ಕುಡಿದರೆ ಮೊದಲ ಗುಟುಕಿಗೆ ಮನಸ್ಸು ಗೆಲ್ಲುವುದು ರಿಪಾಸ್ಸೊ. ಊಟ ಮುಗಿಯುವ ಹೊತ್ತಿಗೆ ಖಾಲಿಯಾಗಿರುವ ಬಾಟಲಿ ಮಾತ್ರ ಕಿಯಾಂಟಿ ಕ್ಲಾಸಿಕೊದ್ದು. ಹೀಗೇಕೆ ಎನ್ನುವುದಕ್ಕೆ ಉತ್ತರ ದ್ರಾಕ್ಷಿ ತಳಿಗಳ ಬೆರಕೆಯಲ್ಲೂ ವೈನ್ ಮಾಡುವ ಬಗೆಯಲ್ಲೂ ಇದೆ.

ಕಿಯಾಂಟಿ ಕ್ಲಾಸಿಕೊ ಇಟಲಿಯ ಟಸ್ಕನಿ ಪ್ರಾಂತ್ಯದ ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಿನ ಗುಡ್ಡಗಳದ್ದು. ಶೇ. 80ಕ್ಕೆ ಕಡಿಮೆಯಿಲ್ಲದಂತೆ ಸಾಂಜೊವೇಸೆ ದ್ರಾಕ್ಷಿ ಇರಲೇಬೇಕು. ಉಳಿದದ್ದು ಕನಾಯೊಲೊ, ಕೊಲೊರಿನೊ ಅಥವಾ ಕ್ಯಾಬರ್ನೆ, ಮೆರ್ಲೊ. ಅದೇ ಟಸ್ಕನಿಯ ಕಡಲತೀರದ ಬೋಲ್ಗೆರಿ ಇದಕ್ಕೆ ತಿರುವುಮುರುವು: ಅಲ್ಲಿ ಫ್ರೆಂಚ್ ಮೂಲದ ಕ್ಯಾಬರ್ನೆ, ಮೆರ್ಲೊಗಳದ್ದೇ ಕಾರುಬಾರು, ಸಾಂಜೊವೇಸೆ ಅರ್ಧ ಮೀರುವಂತಿಲ್ಲ. ರಿಪಾಸ್ಸೊ ಉತ್ತರ ಇಟಲಿಯ ವೆರೋನಾ ಕಡೆಯದು. ಕೊರ್ವಿನಾ ದ್ರಾಕ್ಷಿ ಮುಖ್ಯ, ಜೊತೆಗೆ ರೊಂಡಿನೆಲ್ಲಾ. ಒಣಗಿಸಿದ ದ್ರಾಕ್ಷಿಯಿಂದ ಅಮರೋನೆ ವೈನ್ ತೆಗೆದ ಮೇಲೆ ಉಳಿಯುವ ಸಿಪ್ಪೆಯ ಮೇಲೆ ಅದೇ ಸೀಮೆಯ ಸಾದಾ ವಲ್ಪೊಲಿಚೆಲ್ಲಾ ವೈನನ್ನು ಸುರಿದು ಮತ್ತೊಮ್ಮೆ ಹುದುಗು ಬರಿಸುತ್ತಾರೆ. ಸಿಪ್ಪೆಯಲ್ಲಿ ಉಳಿದ ಸಕ್ಕರೆ ಆಲ್ಕೋಹಾಲನ್ನು ಏರಿಸುತ್ತದೆ, ಒಣದ್ರಾಕ್ಷಿಯ ರುಚಿಯೂ ಇಳಿಯುತ್ತದೆ. ಮೊದಲ ಗುಟುಕಿನ ಮೋಡಿ ಅದರದ್ದೇ.

ಹೋಲಿಸುವಾಗ ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಬಿಸಿ. ಬಾಟಲಿ ಮೇಲಿನ ‘ರೂಮ್ ಟೆಂಪರೇಚರ್’ ಎಂಬ ಸಲಹೆ ಬೆಂಗಳೂರಿನ ಬೇಸಿಗೆ ಕೋಣೆಗೆ ಹೇಳಿದ್ದಲ್ಲ. ಬೇಕಾದದ್ದು 16ರಿಂದ 18 ಡಿಗ್ರಿ. ಅಂದರೆ ಅಷ್ಟು ತಣಿಯುವವರೆಗೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕು. 26 ಡಿಗ್ರಿಯಲ್ಲಿ ಸುರಿದರೆ ಮೂಗಿಗೆ ಬರೀ ಆಲ್ಕೋಹಾಲ್ ಹೊಡೆಯುತ್ತದೆ, ರಿಪಾಸ್ಸೊ ಪಾನಕದಂತಾಗುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಬೋಲ್ಗೆರಿಯ ಒಗರು ಕಹಿಯಾಗಿ ನಿಲ್ಲುತ್ತದೆ, ಪರಿಮಳ ಮುದುಡಿಕೊಳ್ಳುತ್ತದೆ.

ಒಂದೇ ಆಕಾರದ ಮೂರು ಗ್ಲಾಸಿಗೆ ತಲಾ 60 ಮಿಲಿ ಸಾಕು. ಅದಕ್ಕಿಂತ ತುಂಬಿಸಿದರೆ ಪರಿಮಳ ಏಳುವಂತೆ ವೈನನ್ನು ತಿರುಗಿಸಲು ಜಾಗವಿರದು. ಕುಡಿಯುವ ಸರದಿ: ಕಿಯಾಂಟಿ ಕ್ಲಾಸಿಕೊ (ಇಲ್ಲಿ ಚುಟುಕಾಗಿ ಕಿಯಾಂಟಿ), ಬೋಲ್ಗೆರಿ, ಕೊನೆಗೆ ರಿಪಾಸ್ಸೊ. ರಿಪಾಸ್ಸೊ ಮೊದಲಾದರೆ ಅದರ ಸಿಹಿ ಛಾಯೆ ನಾಲಿಗೆಗೆ ಅಂಟಿಕೊಂಡು, ಆಮೇಲೆ ಬರುವ ಕಿಯಾಂಟಿ ತೆಳುವಾಗಿ ಬರೀ ಹುಳಿ ಎನಿಸುತ್ತದೆ. ತಪ್ಪು ಕಿಯಾಂಟಿಯದ್ದಲ್ಲ.

ಬಿಳಿ ಕಾಗದದ ಮೇಲೆ ಗ್ಲಾಸನ್ನು ಓರೆ ಮಾಡಿ ನೋಡಿ. ಕಿಯಾಂಟಿಯ ಕೆಂಪು ತಿಳಿ, ವಯಸ್ಸಾದಂತೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಮೂಗಿಗೆ ಹುಳಿ ಚೆರಿ, ಒಣ ಸೊಪ್ಪು, ಸ್ವಲ್ಪ ಚಹಾಪುಡಿ. ನುಂಗಿದ ಕೂಡಲೇ ಬಾಯಲ್ಲಿ ನೀರೂರುತ್ತದಲ್ಲ, ಅದೇ ಇದರ ಗುಟ್ಟು. ಬೋಲ್ಗೆರಿ ಕಡುಗೆಂಪು, ಕಪ್ಪು ಹಣ್ಣಿನ ವಾಸನೆಯ ಜೊತೆ ಓಕ್ ಪೀಪಾಯಿಯಿಂದ ಬಂದ ವೆನಿಲ್ಲಾ ಇರುತ್ತದೆ, ಒಸಡು ಹಿಡಿದುಕೊಳ್ಳುವಷ್ಟು ಒಗರು. ಎಳೆಯ ಬಾಟಲಿಯಾದರೆ ಒಂದು ಗಂಟೆ ಮೊದಲೇ ಅಗಲ ಬಾಯಿಯ ಜಗ್ಗಿಗೆ ಸುರಿದಿಡಿ. ಬಿರಡೆ ತೆಗೆದು ಸುಮ್ಮನೆ ಇಟ್ಟರೆ ಪ್ರಯೋಜನವಿಲ್ಲ, ಆ ಕಿರಿದಾದ ಕತ್ತಿನೊಳಗೆ ಗಾಳಿ ಎಷ್ಟು ಹೋದೀತು? ರಿಪಾಸ್ಸೊದಲ್ಲಿ ಒಣ ಪ್ಲಮ್, ಕೋಕೋ, ದಾಲ್ಚಿನ್ನಿ, ಒಗರು ಮೆತ್ತಗೆ.

ಊಟಕ್ಕೆ ಕೂತಾಗ ಲೆಕ್ಕ ಬದಲಾಗುತ್ತದೆ. ಟೊಮೆಟೊ ಸಾಸಿನ ಪಾಸ್ತಾಗೆ ಕಿಯಾಂಟಿಯ ಹುಳಿ ಸರಿಸಾಟಿ. ಅದೇ ತಟ್ಟೆಯೆದುರು ರಿಪಾಸ್ಸೊ ಸಪ್ಪೆ. ಕೊಬ್ಬಿರುವ ಸುಟ್ಟ ಮಾಂಸಕ್ಕೆ ಬೋಲ್ಗೆರಿಯೇ ಸೈ, ಕೊಬ್ಬು ಮತ್ತು ಪ್ರೋಟೀನು ಒಗರನ್ನು ಮೆತ್ತಗಾಗಿಸುತ್ತವೆ. ನಮ್ಮ ಅಡುಗೆಯ ಖಾರಕ್ಕೆ ಮೂರೂ ಅಷ್ಟಕ್ಕಷ್ಟೆ: ಮೆಣಸಿನಕಾಯಿ ಆಲ್ಕೋಹಾಲಿನ ಉರಿಯನ್ನೂ ಒಗರನ್ನೂ ಏರಿಸುತ್ತದೆ. ಖಾರ ಕಡಿಮೆ ಮಾಡಿದ ಕೊಡಗಿನ ಪಂದಿ ಕರಿಗೆ ಮಾತ್ರ ಕಿಯಾಂಟಿ ಹೊಂದುತ್ತದೆ, ಕಾಚಂಪುಳಿಯ ಹುಳಿಗೆ ಸಮನಾದ ಹುಳಿ ಅದರಲ್ಲಿದೆ.

ಅಂಗಡಿಯಲ್ಲಿ ಬರೀ ‘ಕಿಯಾಂಟಿ’ ಎಂದಿದ್ದರೆ ಅದು ಬೇರೆ ವೈನ್. ಕ್ಲಾಸಿಕೊಗೆ ಕಪ್ಪು ಹುಂಜದ ಮುದ್ರೆ ಇರುತ್ತದೆ. ಬಿಸಿಲಿಗೆ ಇಟ್ಟ ಬಾಟಲಿ ಬೇಡ: ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಕತ್ತಿನಲ್ಲಿ ಸೋರಿದ ಕಲೆಯಿದ್ದರೆ ಒಳಗಿನದು ಬೆಂದಿರುವ ಸಾಧ್ಯತೆ ಹೆಚ್ಚು. ತೆರೆದಾಗ ಒದ್ದೆ ರಟ್ಟಿನ ವಾಸನೆ ಬಂದರೆ ಅದು ಬಿರಡೆಯ ದೋಷ, ಗಾಳಿಯಾಡಿಸಿದರೂ ಹೋಗದು.

ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ. ಎಳೆಯ ಬೋಲ್ಗೆರಿ ಮರುದಿನ ಇನ್ನೂ ಚೆನ್ನಾಗಿರುವುದುಂಟು. ರಿಪಾಸ್ಸೊವನ್ನು ಮಾತ್ರ ಅಂದೇ ಮುಗಿಸಿ.