ಬಾಗಿಲಲ್ಲೇ ಐಸ್ ಬೀಳುವ ಫ್ರಿಜ್: ಐದು ಬೇಸಿಗೆ ಕಳೆದ ಮೇಲೆ

ಬೆಂಗಳೂರಿನ ನಮ್ಮ ಮನೆಗೆ ಸೈಡ್ ಬೈ ಸೈಡ್ ಫ್ರಿಜ್ (ಫ್ರೀಜರ್ ಮೇಲಲ್ಲದೆ ಪಕ್ಕದಲ್ಲಿರುವಂಥದ್ದು) ಬಂದು ಐದು ಬೇಸಿಗೆ ಆಯ್ತು. ಕಂಪನಿ ಯಾವುದು ಅಂತ ಬರೆಯಲ್ಲ. ಬಾಗಿಲಿನಿಂದ ಐಸ್ ಉದುರಿಸುವ ಫ್ರಿಜ್‌ಗಳ ಒಳಗಿನ ಏರ್ಪಾಟು ಹೆಚ್ಚುಕಡಿಮೆ ಒಂದೇ ಥರ, ಕೆಡುವುದೂ ಒಂದೇ ಥರ. ತಣ್ಣಗಿಡುವ ಕೆಲಸದಲ್ಲಿ ಇದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಸೊಪ್ಪು ಬಾಡಲ್ಲ, ದೋಸೆ ಹಿಟ್ಟು ಬೇಗ ಹುಳಿಯಲ್ಲ, ಕಂಪ್ರೆಸರ್ ಓಡುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು. ಕಾಟವೆಲ್ಲ ಐಸ್ ಡಿಸ್ಪೆನ್ಸರ್‌ದು. ವಾರಂಟಿ ಮುಗಿದ ಮೇಲೆ ಅದರ ರಿಪೇರಿಯನ್ನು ನಾನೇ ಮಾಡಿಕೊಳ್ಳುತ್ತಾ ಬಂದಿದ್ದೇನೆ.

ನನಗೆ ಅರ್ಥವಾಗಿರುವುದು ಇಷ್ಟು: ಡಿಸ್ಪೆನ್ಸರ್ ಹೆಚ್ಚು ಬಳಸಿದ್ದಕ್ಕೆ ಕೆಡೋದು ಕಡಿಮೆ, ಬಳಸದೆ ಬಿಟ್ಟಿದ್ದಕ್ಕೆ ಕೆಡೋದೇ ಜಾಸ್ತಿ. ಏಪ್ರಿಲ್ ಮೇ ತಿಂಗಳಲ್ಲಿ ಪಾನಕ, ಮಜ್ಜಿಗೆ, ಜ್ಯೂಸ್ ಅಂತ ದಿನಾ ಐಸ್ ಖರ್ಚಾಗುವಾಗ ಒಮ್ಮೆಯೂ ಕೈಕೊಟ್ಟಿಲ್ಲ. ಮಳೆ ಹಿಡಿದು ಯಾರೂ ಅದರ ಹತ್ತಿರ ಹೋಗದೆ ಕೆಲವು ವಾರ ಕಳೆದ ಮೇಲೆ ಡಿಸ್ಪೆನ್ಸರ್‌ನ ನಾಲಿಗೆಗೆ ಮಗ್ಗು ಒತ್ತಿದರೆ ಗುಂಯ್ ಅನ್ನುವ ಸದ್ದು ಮಾತ್ರ, ಐಸ್ ಇಲ್ಲ.

ಕಾರಣ ಸರಳ. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿ ಇರುತ್ತೆ ಅಂತ ಪ್ಯಾನೆಲ್ ಮೇಲೆ ಕಾಣುತ್ತೆ, ಆದರೆ ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಕಾಯಿಲ್ ಮೇಲೆ ಕೂತ ಹಿಮ ಕರಗಿಸಲು ಆಗಾಗ ಒಳಗೇ ಹೀಟರ್ ಹೊತ್ತಿಕೊಳ್ಳುತ್ತೆ. ಆಗ ಬಕೆಟ್‌ನಲ್ಲಿರುವ ಐಸ್ ತುಂಡುಗಳ ಮೈ ಸ್ವಲ್ಪ ಬೆವರಿ, ಮತ್ತೆ ಗಟ್ಟಿಯಾಗುವಾಗ ಪಕ್ಕದ್ದಕ್ಕೆ ಅಂಟುತ್ತೆ. ದಿನಾ ಯಾರಾದರೂ ಐಸ್ ತೆಗೆಯುತ್ತಿದ್ದರೆ ಒಳಗಿನ ತಿರುಪು ತಿರುಗಿ ಅಂಟು ಬಿಡಿಸುತ್ತೆ, ತೆಗೆಯದಿದ್ದರೆ ಇಡೀ ಬಕೆಟ್ ಒಂದೇ ಗಡ್ಡೆ. ರಾತ್ರಿಯಿಡೀ ಕರೆಂಟ್ ಹೋಗಿ ಬಂದರಂತೂ ಕೇಳುವುದೇ ಬೇಡ.

ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ. ಪ್ಲಗ್ ಕಿತ್ತು, ಬಕೆಟ್ ಎತ್ತಿ ಸಿಂಕ್‌ನಲ್ಲಿಟ್ಟು ಉಗುರು ಬೆಚ್ಚಗಿನ ನೀರು ಬಿಡಿ. ಚಾಕು, ಸುತ್ತಿಗೆ ತರಬೇಡಿ, ಪ್ಲಾಸ್ಟಿಕ್ ಸೀಳುತ್ತೆ. ಫ್ರೀಜರ್ ಗೋಡೆಗಂತೂ ಚೂಪಾದದ್ದು ಏನನ್ನೂ ತಾಗಿಸಬಾರದು. ಈಗಿನ ಬಹಳಷ್ಟು ಫ್ರಿಜ್‌ಗಳ ಪೈಪ್‌ಗಳಲ್ಲಿ ತಣ್ಣಗಾಗಿಸಲು ಇರುವುದು ಆರ್600ಎ, ಅಂದರೆ ಐಸೋಬ್ಯೂಟೇನ್, ಬೆಂಕಿ ಹತ್ತುವ ಗ್ಯಾಸ್, ಪೈಪ್ ತೂತಾದರೆ ಸೋರುತ್ತೆ. ಗಡ್ಡೆ ಕರಗಿದ ಮೇಲೆ ಬಕೆಟ್‌ನ ಸಂದಿಗೊಂದಿ ಎಲ್ಲ ಒಣಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಒಣಗಲು ಬಿಡಬೇಕು. ತೇವ ಉಳಿದರೆ ತಿರುಪೇ ಹೆಪ್ಪುಗಟ್ಟಿ ಕೂರುತ್ತೆ.

ವಾಪಸ್ ಕೂರಿಸುವಾಗ ಒಂದು ವಿಷಯ ಗಮನಿಸಿ, ಮ್ಯಾನುಯಲ್‌ನಲ್ಲಿ ಇದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಬಕೆಟ್‌ನ ಹಿಂದೆ ಕವೆಯ ಹಾಗಿರುವ ತುಂಡು, ಮೋಟಾರಿನ ಕಡೆಯೂ ಅಂಥದ್ದೇ. ಎರಡೂ ಎದುರುಬದುರಾಗಿ ನಿಂತರೆ ಬಕೆಟ್ ಅರ್ಧ ಇಂಚು ಮುಂದಕ್ಕೇ ಉಳಿಯುತ್ತೆ, ಬಾಗಿಲು ಪೂರ್ತಿ ಮುಚ್ಚಲ್ಲ. ಬಲ ಹಾಕಿ ತಳ್ಳಬೇಡಿ. ಮೋಟಾರಿನ ಕಡೆಯ ಕವೆಯನ್ನು ಕೈಯಲ್ಲೇ ಕಾಲು ಸುತ್ತು ತಿರುಗಿಸಿದರೆ ಬಕೆಟ್ ತಾನಾಗಿ ಒಳಗೆ ಕೂರುತ್ತೆ. ಈಗ ನಮ್ಮ ಮನೆಯಲ್ಲಿ ಗಿಡಕ್ಕೆ ನೀರು ಹಾಕುವ ಅತ್ತೆಯವರೇ ದಿನಕ್ಕೊಂದು ಮಗ್ಗು ಐಸ್ ತೆಗೆದು ಕುಂಡಕ್ಕೆ ಸುರಿಯುತ್ತಾರೆ. ಗಡ್ಡೆಯ ಮಾತೇ ಇಲ್ಲ.

ಎರಡನೇ ಕಾಟ ಐಸ್ ಬೀಳುವ ದಾರಿಯದು. ಆ ಕೊಳವೆಯ ಬಾಯಿಗೆ ರಬ್ಬರ್ ಅಂಚಿನ ಸಣ್ಣ ಮುಚ್ಚಳ ಇದೆ. ಐಸ್ ಬಿದ್ದು ಕೆಲವು ಸೆಕೆಂಡಿನ ನಂತರ ಟಪ್ ಅಂತ ಮುಚ್ಚಿಕೊಳ್ಳುವ ಸದ್ದು ಅದರದ್ದೇ. ಐಸ್ ಚೂರೊಂದು ಅಂಚಿಗೆ ಸಿಕ್ಕಿಕೊಂಡರೂ ಸಾಕು, ಹೊರಗಿನ ತೇವದ ಗಾಳಿ ಒಳಗೆ ನುಗ್ಗಿ ಕೊಳವೆ ತುಂಬ ಬಿಳಿ ಹಿಮ ಕಟ್ಟುತ್ತೆ, ಬಾಗಿಲ ಕೆಳಗೆ ನೀರು ತೊಟ್ಟಿಕ್ಕುತ್ತೆ. ಮಂಗಳೂರಿನಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ಮಳೆಗಾಲ ಪೂರ್ತಿ ಇದೇ ಗೋಳು. ಬಿಸಿ ನೀರಲ್ಲಿ ಹಿಂಡಿದ ಬಟ್ಟೆಯಿಂದ ಅಂಚು ಒರೆಸಿ, ಒಂದು ಕಾಗದದ ಪಟ್ಟಿ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ರಬ್ಬರ್ ಸೆಟೆದುಕೊಂಡಿದೆ ಅಂತ ಅರ್ಥ, ಮುಚ್ಚಳ ಬದಲಾಯಿಸಬೇಕು.

ಇನ್ನು ಜೇಬಿಗೆ ಕತ್ತರಿ ಹಾಕಲು ಹೊರಟ ರಿಪೇರಿ. ಒಂದು ದಿನ ಮಗ್ಗು ಒತ್ತಿದರೆ ಸದ್ದೂ ಇಲ್ಲ, ಲೈಟೂ ಇಲ್ಲ. ಚೈಲ್ಡ್ ಲಾಕ್ ಬಿದ್ದಿರಲಿಲ್ಲ (ಇದನ್ನು ಮೊದಲು ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತೆ). ಫ್ರೀಜರ್ ಬಾಗಿಲ ಸ್ವಿಚ್ಚೂ ಸರಿಯಾಗಿತ್ತು, ಬಾಗಿಲು ತೆರೆದಿದೆ ಅಂತ ಫ್ರಿಜ್‌ಗೆ ಅನ್ನಿಸಿದರೂ ಡಿಸ್ಪೆನ್ಸರ್ ಓಡಲ್ಲ. ಸರ್ವಿಸ್‌ನವರು ಬಂದು ಟಾರ್ಚ್ ಹಾಕಿ ನೋಡಿ, “ಮೇಡಂ, ಸ್ವಿಚ್ ಒಂದೇ ಬರಲ್ಲ, ಅಸೆಂಬ್ಲಿನೇ ಚೇಂಜ್ ಮಾಡ್ಬೇಕು” ಅಂದರು. ಅಂದರೆ ಸ್ವಿಚ್ ಕೂತಿರುವ ಇಡೀ ಭಾಗ. ಹೇಳಿದ ಬೆಲೆಗೆ ಒಂದು ಒಳ್ಳೆ ಮಿಕ್ಸಿ ಬರುತ್ತಿತ್ತು. ವಿಸಿಟ್ ಚಾರ್ಜ್ ಕೊಟ್ಟು ಕಳಿಸಿದೆ.

ಪ್ಲಗ್ ಕಿತ್ತ ಮೇಲೆ ಪ್ಯಾನೆಲ್‌ನ ಕೆಳ ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೀಟಿದರೆ ಮುಖವಾಡ ಕಳಚಿ ಬರುತ್ತೆ. ವೈರ್ ಯಾವುದು ಎಲ್ಲಿ ಅಂತ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಂಡೆ. ಒಳಗೆ, ಮಗ್ಗು ತಾಗುವ ನಾಲಿಗೆಯ ಹಿಂದೆ, ಬೆರಳಿನ ಗಣ್ಣಿನಷ್ಟು ದೊಡ್ಡ ಕಪ್ಪು ಮೈಕ್ರೋಸ್ವಿಚ್. ವೈರ್ ಬಿಡಿಸಿ ಮಲ್ಟಿಮೀಟರ್‌ನ (ಕರೆಂಟ್ ಹರಿಯುತ್ತದೆಯೇ ಅಂತ ನೋಡುವ ಮೀಟರ್) ಕಡ್ಡಿಗಳನ್ನು ಅದರ ಕಾಲುಗಳಿಗೆ ಇಟ್ಟು ಒತ್ತಿದರೆ ಬೀಪ್ ಬರಬೇಕು, ಬರಲಿಲ್ಲ. ನೀರು ಸಿಡಿದೂ ಸಿಡಿದೂ ಒಂದು ಕಾಲಿಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನೇ ಕೈಯಲ್ಲಿ ಹಿಡಿದು ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಮೈಮೇಲಿನ ಆಂಪಿಯರ್, ವೋಲ್ಟ್ ಓದಿ ಡಬ್ಬಿಯಿಂದ ಅಂಥದ್ದೇ ತೆಗೆದುಕೊಟ್ಟರು. ನೂರು ರೂಪಾಯಿ ಕೊಟ್ಟರೆ ಚಿಲ್ಲರೆ ವಾಪಸ್ ಬಂತು. ಹಾಕಿದ ಮೇಲೆ ಇವತ್ತಿನವರೆಗೆ ತೊಂದರೆ ಇಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲ್ ಶುರು ಮಾಡಿತು. ಬಿಡಿಭಾಗ, ರಿಪೇರಿಯ ಮಾಹಿತಿ ಗ್ರಾಹಕರಿಗೆ ಸಿಗಲಿ ಎಂಬುದೇ ಉದ್ದೇಶ. ಒಳ್ಳೆಯದೇ. ಆದರೆ ಮನೆಬಾಗಿಲಿಗೆ ಬರುವವರ ಬಾಯಲ್ಲಿ ಇನ್ನೂ ‘ಅಸೆಂಬ್ಲಿ’ ಅನ್ನುವ ಪದವೇ ಮೊದಲು ಬರುತ್ತೆ. ಬಿಲ್ ಅನ್ಯಾಯ ಅನ್ನಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ.

ನೀರಿನ ಬಗ್ಗೆ ಅಂಗಡಿಯಲ್ಲಿ ಯಾರೂ ಬಾಯಿ ಬಿಡಲ್ಲ. ಐಸ್ ಮಾಡುವ ಭಾಗಕ್ಕೆ, ಅಂದರೆ ಐಸ್‌ಮೇಕರ್‌ಗೆ, ನೀರಿನ ಒತ್ತಡ ಬೇಕು. ಸಾಮಾನ್ಯವಾಗಿ ಕನಿಷ್ಠ 20 ಪಿಎಸ್‌ಐ (ಒತ್ತಡದ ಅಳತೆ) ಆದರೂ ಕೇಳುತ್ತವೆ, ಕೆಲವು ಇನ್ನೂ ಹೆಚ್ಚು. ತಾರಸಿಯ ಟ್ಯಾಂಕ್ ಹತ್ತು ಮೀಟರ್ ಮೇಲಿದ್ದರೆ ಸಿಗುವುದು 14 ಪಿಎಸ್‌ಐ ಅಷ್ಟೇ. ಎರಡಂತಸ್ತಿನ ಮನೆಯಲ್ಲಿ ಅದೂ ಸಿಗಲ್ಲ. ಪರಿಣಾಮ, ಅಚ್ಚು ಅರ್ಧವೇ ತುಂಬಿ ಐಸ್ ತೆಳ್ಳಗೆ, ಟೊಳ್ಳಾಗಿ ಬರುತ್ತೆ. ನಾವು ಲೈನಿಗೆ ಸಣ್ಣ ಬೂಸ್ಟರ್ ಪಂಪ್ ಹಾಕಿಸಿದ ಮೇಲೆಯೇ ಸರಿಯಾಗಿದ್ದು. ಬೋರ್‌ವೆಲ್ ನೀರಾದರೆ ಲೋಟದ ತಳದಲ್ಲಿ ಬಿಳಿ ಪುಡಿ ಕಾಣುತ್ತೆ, ಅದು ಸುಣ್ಣ. ಫ್ರಿಜ್‌ನ ಕಾರ್ಬನ್ ಫಿಲ್ಟರ್ ಕ್ಲೋರಿನ್ ವಾಸನೆ ತೆಗೆಯುತ್ತೆ, ಗಡಸುತನ ತೆಗೆಯಲ್ಲ. ಆರು ತಿಂಗಳಿಗೊಮ್ಮೆ ಅದನ್ನು ಬದಲಿಸುವ ಖರ್ಚನ್ನೂ ಫ್ರಿಜ್‌ನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ನಾನು ಕೈ ಹಾಕದ ಕೆಲಸಗಳೂ ಇವೆ: ಗ್ಯಾಸ್, ಕಂಪ್ರೆಸರ್, ಹಿಂದಿನ ಬೋರ್ಡ್, ನೀರಿನ ವಾಲ್ವ್. ನೀರೂ ಕರೆಂಟೂ ಒಟ್ಟಿಗಿರುವ ಜಾಗಕ್ಕೆ ಗೊತ್ತಿರುವವರನ್ನೇ ಕರೆಸುತ್ತೇನೆ.

ಫ್ರಿಜ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಡಿಸ್ಪೆನ್ಸರ್‌ಗೆ ಎರಡೂವರೆ. ಬೇಸಿಗೆಯಲ್ಲಿ ಮಾತ್ರ ಐಸ್ ಬೇಕು ಅನ್ನುವ ಮನೆಗೆ ಡಿಸ್ಪೆನ್ಸರ್ ಇಲ್ಲದ ಮಾಡಲ್ ಸಾಕು, ಜಾಗವೂ ಉಳಿಯುತ್ತೆ. ಬೇಕೇ ಬೇಕು ಅನ್ನುವವರು ದುಡ್ಡು ಕೊಡುವ ಮುಂಚೆ ಕೊಳವೆಯ ಮುಚ್ಚಳ ಮತ್ತು ಸ್ವಿಚ್ ಬಿಡಿಯಾಗಿ ಸಿಗುತ್ತವೆಯೇ ಅಂತ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಕೇಳಿ. ಅಂಗಡಿಯವರನ್ನು ಕೇಳಿದರೆ “ಎಲ್ಲಾ ಸಿಗುತ್ತೆ ಮೇಡಂ” ಅನ್ನುತ್ತಾರೆ.